ಕೆಲಸಕ್ಕೆ ಸೇರಿ ಎರಡು ವರ್ಷ ಆಯ್ತಾ? ಜರ್ಮನಿಯ ಎಪೋಸ್ ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕುವ ಬಗೆ

"ನನ್ನ ಸಿಜಿಪಿಎ 7.2 ಇದೆ, ವಿದೇಶದಲ್ಲಿ ಸ್ಕಾಲರ್‌ಶಿಪ್ ಸಿಗುತ್ತಾ?" ಪರಿಚಯದ ಹುಡುಗ ಹುಡುಗಿಯರು ನನ್ನನ್ನು ಮೊದಲು ಕೇಳುವುದು ಇದನ್ನೇ. ನಾನು ತಿರುಗಿ ಕೇಳುವುದು ಬೇರೆ: "ಈಗ ಎಲ್ಲಿ ಕೆಲಸ ಮಾಡ್ತಿದ್ದೀಯ? ಅಲ್ಲಿ ನೀನೇ ಮುಂದೆ ನಿಂತು ಮಾಡಿದ್ದು ಏನು?" ಆಗ ಬಹಳ ಜನ ಸುಮ್ಮನಾಗುತ್ತಾರೆ. ಸ್ಕಾಲರ್‌ಶಿಪ್ ಅಂದರೆ ರ‍್ಯಾಂಕ್ ಬಂದವರಿಗೆ ಕೊಡುವ ಬಹುಮಾನ ಅಂತಲೇ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ.

ಅಭಿವೃದ್ಧಿಶೀಲ ದೇಶಗಳ ಉದ್ಯೋಗಸ್ಥರಿಗೆಂದೇ ಇರುವ ಸ್ಕಾಲರ್‌ಶಿಪ್‌ಗಳ ಲೆಕ್ಕ ಹಾಗಿಲ್ಲ. ಅಂಕ ಬೇಕು, ಇಲ್ಲ ಅನ್ನುವುದಿಲ್ಲ. ಆದರೆ ನೀವು ಇಷ್ಟು ದಿನ ಏನು ಕೆಲಸ ಮಾಡಿದ್ದೀರಿ, ಓದಿ ಬಂದ ಮೇಲೆ ಅದನ್ನು ಎಲ್ಲಿಗೆ ಒಯ್ಯುತ್ತೀರಿ, ಆಯ್ಕೆ ನಿಂತಿರುವುದು ಅದರ ಮೇಲೆ. ಇಂಥ ಸ್ಕಾಲರ್‌ಶಿಪ್‌ಗಳು ಹತ್ತಾರಿವೆ. ಎಲ್ಲದರ ಪಟ್ಟಿ ಕೊಟ್ಟರೆ ಓದುವವರಿಗೆ ತಲೆ ತಿರುಗುತ್ತದೆ, ಅಷ್ಟೇ. ಅದಕ್ಕೆ ಒಂದನ್ನೇ ಹಿಡಿದು ಬಿಡಿಸಿ ಹೇಳುತ್ತೇನೆ: ಜರ್ಮನಿಯ ಶೈಕ್ಷಣಿಕ ವಿನಿಮಯ ಸಂಸ್ಥೆಯಾದ ಡಿಎಎಡಿ ಕೊಡುವ ಎಪೋಸ್. ಅಭಿವೃದ್ಧಿಗೆ ಸಂಬಂಧಪಟ್ಟ ಸ್ನಾತಕೋತ್ತರ ಕೋರ್ಸುಗಳಿಗೆ ಇದು ಸಿಗುತ್ತದೆ. ಹಣ ಬರುವುದು ಅಲ್ಲಿನ ಅಭಿವೃದ್ಧಿ ಸಹಕಾರ ಸಚಿವಾಲಯದಿಂದ. ಇದೊಂದಕ್ಕೆ ಸರಿಯಾಗಿ ತಯಾರಾದರೆ ಬೇರೆಯವಕ್ಕೆ ಬೇಕಾದ ಮುಕ್ಕಾಲು ಪಾಲು ಕಾಗದ ನಿಮ್ಮ ಕೈಯಲ್ಲಿ ಇರುತ್ತದೆ.

ಮೊದಲು ನಿಮ್ಮ ವರ್ಷ ಲೆಕ್ಕ ಹಾಕಿ

ಎಪೋಸ್‌ಗೆ ವಯಸ್ಸಿಗಿಂತ ವರ್ಷಗಳ ಲೆಕ್ಕ ಮುಖ್ಯ. ಪದವಿ ಆದ ಮೇಲೆ ಕನಿಷ್ಠ 2 ವರ್ಷ ಆ ವಿಷಯಕ್ಕೆ ಸಂಬಂಧಪಟ್ಟ ಕೆಲಸ ಮಾಡಿರಬೇಕು. ಪದವಿ ಮುಗಿದು ಸಾಮಾನ್ಯವಾಗಿ 6 ವರ್ಷಕ್ಕಿಂತ ಜಾಸ್ತಿ ಆಗಿರಬಾರದು. ಅಂದರೆ ಬಾಗಿಲು ತೆರೆದಿರುವುದು ನಾಲ್ಕು ವರ್ಷ ಮಾತ್ರ. "ಇನ್ನೊಂದೆರಡು ವರ್ಷ ಅನುಭವ ಆಗಲಿ, ಆಮೇಲೆ ಹಾಕೋಣ" ಅಂದುಕೊಂಡು ಕೂತವರಿಗೆ ಗೊತ್ತಾಗುವಷ್ಟರಲ್ಲಿ ಅದು ಮುಚ್ಚಿರುತ್ತದೆ.

ಪದವಿ ಸಾಮಾನ್ಯವಾಗಿ ನಾಲ್ಕು ವರ್ಷದ್ದಾಗಿರಬೇಕು ಅನ್ನುವುದು ಇನ್ನೊಂದು ಷರತ್ತು. ಬಿ.ಇ., ಕೃಷಿ ಬಿ.ಎಸ್‌ಸಿ. ಆದವರಿಗೆ ಚಿಂತೆ ಇಲ್ಲ. ಮೂರು ವರ್ಷದ ಬಿ.ಎ., ಬಿ.ಎಸ್‌ಸಿ., ಬಿ.ಕಾಂ. ಮಾಡಿದವರು ಎಂ.ಎಸ್‌ಡಬ್ಲ್ಯೂ., ಎಂ.ಎಸ್‌ಸಿ. ಯಾವುದಾದರೂ ಮಾಡಿದ್ದರೆ ದಾರಿ ಸಲೀಸು. ಬರೀ ಮೂರು ವರ್ಷದ ಪದವಿ ಇದ್ದರೆ ಆ ಕೋರ್ಸಿನ ಕಚೇರಿಗೆ ಮೊದಲೇ ಒಂದು ಮೇಲ್ ಹಾಕಿ ಕೇಳಿ. ಜರ್ಮನ್ ಕೋರ್ಸ್ ಕೋ-ಆರ್ಡಿನೇಟರ್‌ಗಳು ಉತ್ತರ ಕೊಡುತ್ತಾರೆ. ನೇರವಾಗಿ, ಚಿಕ್ಕದಾಗಿ ಕೇಳಬೇಕು, ಅಷ್ಟೇ.

ಅರ್ಜಿ ಹಾಕುವ ಹೊತ್ತಿಗೆ ನೀವು ಜರ್ಮನಿಯಲ್ಲೇ 15 ತಿಂಗಳಿಗಿಂತ ಹೆಚ್ಚು ಕಾಲ ಇದ್ದವರಾದರೆ ಪರಿಗಣಿಸುವುದಿಲ್ಲ. ಅಲ್ಲಿಗೆ ಹೋಗಿ ಆಮೇಲೆ ಸ್ಕಾಲರ್‌ಶಿಪ್ ಹುಡುಕಿಕೊಳ್ಳೋಣ ಅನ್ನುವವರು ಇದನ್ನು ಗಮನಿಸಿ.

ಕೋರ್ಸ್ ಆರಿಸುವುದು

ಇಲ್ಲಿ ಬಹಳ ಜನ ಎಡವುತ್ತಾರೆ. ಎಪೋಸ್‌ನಲ್ಲಿ ಮನಸ್ಸಿಗೆ ಬಂದ ವಿಶ್ವವಿದ್ಯಾಲಯದ ಮನಸ್ಸಿಗೆ ಬಂದ ಕೋರ್ಸಿಗೆ ದುಡ್ಡು ಸಿಗುವುದಿಲ್ಲ. ಪ್ರತಿ ವರ್ಷ ಡಿಎಎಡಿ ಒಂದು ಪುಸ್ತಿಕೆ ಹೊರತರುತ್ತದೆ. ಅದರಲ್ಲಿರುವ ಕೋರ್ಸುಗಳಿಗೆ ಮಾತ್ರ ಇದು ಅನ್ವಯ. ಕೃಷಿ, ಅರಣ್ಯ, ನೀರು, ನಗರ ಯೋಜನೆ, ನವೀಕರಿಸಬಹುದಾದ ಇಂಧನ, ಸಾರ್ವಜನಿಕ ಆರೋಗ್ಯ, ಅರ್ಥಶಾಸ್ತ್ರ, ಶಿಕ್ಷಣ, ಕಾನೂನು, ಮಾಧ್ಯಮ ಹೀಗೆ ವಿಷಯಗಳಿವೆ. ಹಲವು ಕೋರ್ಸುಗಳು ಇಂಗ್ಲಿಷಿನಲ್ಲೇ ನಡೆಯುತ್ತವೆ. ಬಾನ್ ವಿಶ್ವವಿದ್ಯಾಲಯದ ಉಷ್ಣವಲಯದ ಕೃಷಿ ಕೋರ್ಸ್, ಡಾರ್ಟ್‌ಮಂಡ್‌ನ 'ಸ್ಪ್ರಿಂಗ್' ಪ್ರಾದೇಶಿಕ ಯೋಜನೆ ಕೋರ್ಸ್, ಡ್ರೆಸ್ಡೆನ್‌ನ ಉಷ್ಣವಲಯದ ಅರಣ್ಯಶಾಸ್ತ್ರ, ಕಲೋನ್‌ನ ಜಲ ಸಂಪನ್ಮೂಲ ನಿರ್ವಹಣೆ ಇವು ಈ ವಲಯದಲ್ಲಿ ಹೆಸರು ಮಾಡಿದವು. ಪುಸ್ತಿಕೆ ವರ್ಷ ವರ್ಷ ಬದಲಾಗುತ್ತದೆ, ಆ ವರ್ಷದ್ದನ್ನೇ ನೋಡಿ. ಹಳೇ ಪಿಡಿಎಫ್ ವಾಟ್ಸ್ಆ್ಯಪ್‌ನಲ್ಲಿ ಬಂದಿತು ಅಂತ ನಂಬಬೇಡಿ.

ಒಂದರಿಂದ ಮೂರು ಕೋರ್ಸಿಗೆ ಅರ್ಜಿ ಹಾಕಬಹುದು, ಯಾವುದು ಮೊದಲು ಯಾವುದು ಆಮೇಲೆ ಅಂತ ನಮೂದಿಸಬೇಕು. ಮೂರೂ ಒಂದೇ ದಿಕ್ಕಿನವಾಗಿರಲಿ. ನೀರು, ಅರಣ್ಯ, ಎಂಬಿಎ ಅಂತ ಮೂರು ದಿಕ್ಕಿಗೆ ಹಾಕಿದರೆ ಈ ಮನುಷ್ಯನಿಗೆ ಹೇಗಾದರೂ ಜರ್ಮನಿಗೆ ಹೋದರೆ ಸಾಕಾಗಿದೆ ಅಂತ ಓದುವವರಿಗೆ ಗೊತ್ತಾಗಿಬಿಡುತ್ತದೆ.

ಅರ್ಜಿ ಹೋಗಬೇಕಾದ್ದು ನೇರವಾಗಿ ಆ ವಿಶ್ವವಿದ್ಯಾಲಯದ ಕೋರ್ಸಿಗೆ, ಡಿಎಎಡಿಗಲ್ಲ. ವಿಶ್ವವಿದ್ಯಾಲಯ ತನಗೆ ಒಪ್ಪಿಗೆಯಾದವರನ್ನು ಡಿಎಎಡಿಗೆ ಸೂಚಿಸುತ್ತದೆ. ಆಮೇಲೆ ಡಿಎಎಡಿ ತನ್ನ ಪೋರ್ಟಲ್‌ನಲ್ಲಿ ಇನ್ನೊಂದು ಸಲ ಎಲ್ಲ ಏರಿಸಲು ಹೇಳುತ್ತದೆ. ಒಂದೊಂದು ಕೋರ್ಸಿನ ಕೊನೇ ದಿನಾಂಕ ಒಂದೊಂದು. ಮುಂದಿನ ವರ್ಷ ಶುರುವಾಗುವ ಕೋರ್ಸಿಗೆ ಈ ವರ್ಷದ ಮಳೆಗಾಲದಲ್ಲೇ ಅರ್ಜಿ ಸಿದ್ಧವಾಗಿರಬೇಕು ಅಂತ ಇಟ್ಟುಕೊಳ್ಳಿ.

ಅಂಕದ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಜರ್ಮನಿಯಲ್ಲಿ 1 ಅಂದರೆ ಉತ್ತಮ, 4 ಅಂದರೆ ಸುಮ್ನೆ ಪಾಸು. ನಮ್ಮ ಅಂಕವನ್ನು ಬವೇರಿಯನ್ ಸೂತ್ರ ಅನ್ನುವುದರಿಂದ ಬದಲಿಸುತ್ತಾರೆ. ಗರಿಷ್ಠ ಅಂಕದಿಂದ ನಿಮ್ಮ ಅಂಕ ಕಳೆಯಿರಿ. ಅದನ್ನು ಗರಿಷ್ಠ ಮತ್ತು ಪಾಸ್ ಅಂಕದ ವ್ಯತ್ಯಾಸದಿಂದ ಭಾಗಿಸಿ, 3ರಿಂದ ಗುಣಿಸಿ, 1 ಕೂಡಿಸಿ. ಗರಿಷ್ಠ 100, ಪಾಸ್ 40, ನಿಮ್ಮದು 70 ಅಂದುಕೊಳ್ಳಿ. 30 ಭಾಗಿಸು 60, ಅಂದರೆ 0.5, ಗುಣಿಸಿ ಕೂಡಿಸಿದರೆ 2.5. ಕೆಲವು ಕೋರ್ಸುಗಳು ಈ ಲೆಕ್ಕದಲ್ಲಿ 2.5 ದಾಟಿದವರನ್ನು, ಅಂದರೆ ಅದಕ್ಕಿಂತ ಕಳಪೆ ದರ್ಜೆಯವರನ್ನು ತೆಗೆದುಕೊಳ್ಳುವುದಿಲ್ಲ. ಕೋರ್ಸಿನ ಪುಟದಲ್ಲಿ ಅದು ಇದೆಯಾ ಅಂತ ಮೊದಲೇ ನೋಡಿಕೊಂಡರೆ ಎರಡು ತಿಂಗಳ ದುಡಿಮೆ ಉಳಿಯುತ್ತದೆ.

ಹೆಸರು, ಇನಿಷಿಯಲ್ಲು, ತಾಪತ್ರಯ

ನಮ್ಮ ಕಡೆಯವರಿಗೆ ಮೊದಲ ಪೆಟ್ಟು ಬೀಳುವುದು ಇಲ್ಲಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ 'ಮಂಜುನಾಥ ಎಚ್.', ಪದವಿ ಪತ್ರದಲ್ಲಿ 'ಎಚ್. ಮಂಜುನಾಥ್', ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಕಾಲಂ ತುಂಬಬೇಕೆಂದು 'ಹನುಮಂತಪ್ಪ ಮಂಜುನಾಥ'. ನಮಗೆ ಮೂವರೂ ಒಬ್ಬರೇ. ಜರ್ಮನಿಯಲ್ಲಿ ಕೂತವರಿಗೆ ಮೂರು ಜನ. ಎಚ್ ಅಂದರೆ ಅಪ್ಪನ ಹೆಸರೋ ಊರಿನ ಹೆಸರೋ ಅವರಿಗೆ ಹೇಗೆ ಗೊತ್ತಾಗಬೇಕು?

ಎಲ್ಲ ದಾಖಲೆ ತಿದ್ದಿಸಲು ಹೊರಟರೆ ವರ್ಷ ಸಾಲದು. ಪಾಸ್‌ಪೋರ್ಟಿನ ಹೆಸರನ್ನೇ ಮೂಲ ಅಂತ ಇಟ್ಟುಕೊಳ್ಳಿ. ಸಿ.ವಿ., ಅರ್ಜಿ, ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆ, ಕೆಲಸದ ಪತ್ರ, ಶಿಫಾರಸು ಪತ್ರ ಎಲ್ಲದರಲ್ಲೂ ಅದೇ ಹೆಸರು, ಅದೇ ಕಾಗುಣಿತ. ಹಳೇ ದಾಖಲೆಗಳಿಗೆ, ಈ ಎಲ್ಲ ಹೆಸರೂ ಒಬ್ಬರದೇ ಅಂತ ನೋಟರಿ ಮುಂದೆ ಒಂದು ಅಫಿಡವಿಟ್ ಮಾಡಿಸಿ ಜೊತೆಗಿಡಿ. ಪಾಸ್‌ಪೋರ್ಟ್ ಇನ್ನೂ ಮಾಡಿಸಿಲ್ಲ ಅನ್ನುವವರು ಅದೃಷ್ಟವಂತರು. ಸರ್‌ನೇಮ್ ಕಾಲಂನಲ್ಲಿ ಏನು ಹಾಕಬೇಕು ಅಂತ ಎರಡು ಸಲ ಯೋಚಿಸಿ ತುಂಬಿ.

ಉಳಿದ ಕಾಗದಗಳು ಇಷ್ಟು: ಡಿಎಎಡಿ ಅರ್ಜಿ ನಮೂನೆ, ಯೂರೋಪಾಸ್ ಮಾದರಿಯ (ಯುರೋಪಿನಲ್ಲಿ ಬಳಸುವ ನಮೂನೆಯ) ಸಿ.ವಿ., ಮೋಟಿವೇಶನ್ ಲೆಟರ್ (ಈ ಕೋರ್ಸ್ ಯಾಕೆ ಬೇಕು ಅಂತ ನೀವು ಬರೆಯುವ ಪತ್ರ), ಶಿಫಾರಸು ಪತ್ರ, ಕೆಲಸದ ಪ್ರಮಾಣಪತ್ರ, ಇಂಗ್ಲಿಷ್ ಪರೀಕ್ಷೆಯ ಫಲಿತಾಂಶ, ಪದವಿ ಪತ್ರ ಮತ್ತು ಎಲ್ಲ ಸೆಮಿಸ್ಟರಿನ ಅಂಕಗಳ ಟ್ರಾನ್ಸ್‌ಕ್ರಿಪ್ಟ್, ಶಾಲೆಯ ಅಂಕಪಟ್ಟಿ. ಸಿ.ವಿ.ಗೂ ಮೋಟಿವೇಶನ್ ಲೆಟರಿಗೂ ಪೆನ್ನಿನಲ್ಲೇ ಸಹಿ ಮಾಡಿ ದಿನಾಂಕ ಹಾಕಬೇಕು. ಸಹಿಯ ಚಿತ್ರ ಅಂಟಿಸಿದರೆ ನಡೆಯುವುದಿಲ್ಲ.

ಟ್ರಾನ್ಸ್‌ಕ್ರಿಪ್ಟ್ ವಿಶ್ವವಿದ್ಯಾಲಯದಿಂದ ಬರುವಷ್ಟರಲ್ಲಿ ವಾರಗಟ್ಟಲೆ ಹೋಗುತ್ತದೆ, ಅದಕ್ಕೇ ಮೊದಲು ಅರ್ಜಿ ಹಾಕಿ. ಐಇಎಲ್‌ಟಿಎಸ್ ಫಲಿತಾಂಶ 2 ವರ್ಷ ಮಾತ್ರ ಚಾಲ್ತಿ. 6 ಅಥವಾ 6.5 ಕೇಳುವ ಕೋರ್ಸುಗಳೇ ಜಾಸ್ತಿ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ್ದೇನೆ ಅನ್ನುವ ಕಾಲೇಜಿನ ಪತ್ರ ಎಲ್ಲ ಕಡೆ ನಡೆಯುವುದಿಲ್ಲ.

ಬಾಸ್ ಹತ್ತಿರ ಹೋಗುವುದು

ಕೆಲಸದ ಪ್ರಮಾಣಪತ್ರದಲ್ಲಿ ಯಾವಾಗ ಸೇರಿದಿರಿ, ಹುದ್ದೆ ಏನು, ಏನೇನು ಜವಾಬ್ದಾರಿ ಅನ್ನುವುದು ಇರಬೇಕು. ಸಾಧ್ಯವಾದರೆ, ಓದು ಮುಗಿಸಿ ಬಂದರೆ ಮತ್ತೆ ಕೆಲಸಕ್ಕೆ ತೆಗೆದುಕೊಳ್ಳುತ್ತೇವೆ ಅನ್ನುವ ಭರವಸೆಯ ಪತ್ರವೂ ಬೇಕು ಅನ್ನುತ್ತಾರೆ. 'ಸಾಧ್ಯವಾದರೆ' ಅನ್ನುವ ಪದ ನೋಡಿ ಸುಮಾರು ಜನ ಅದನ್ನು ಬಿಟ್ಟುಬಿಡುತ್ತಾರೆ. ನನ್ನ ಪ್ರಕಾರ ಇಡೀ ಕಡತದಲ್ಲಿ ತೂಕದ ಕಾಗದ ಅದು. ವಾಪಸ್ ಬರುತ್ತೇನೆ ಅಂತ ನೀವು ಹತ್ತು ಸಲ ಬರೆಯುವುದೂ ಒಂದೇ, ಬಂದರೆ ಕುರ್ಚಿ ಇದೆ ಅಂತ ಸಂಸ್ಥೆ ಒಂದು ಸಲ ಬರೆಯುವುದೂ ಒಂದೇ.

ಕೇಳುವುದು ಕಷ್ಟ, ನಿಜ. "ಏನಪ್ಪಾ, ಕೆಲಸ ಬಿಡ್ತೀಯಾ?" ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಅದಕ್ಕೆ ಈ ಓದಿನಿಂದ ಸಂಸ್ಥೆಗೆ ಏನು ಬರುತ್ತದೆ ಅಂತ ಒಂದು ಪುಟ ಬರೆದುಕೊಂಡು ಹೋಗಿ. ಸರ್ಕಾರಿ ನೌಕರರಿಗೆ ಇನ್ನೊಂದು ಸುತ್ತು ಇದೆ: ಇಲಾಖೆಯ ನಿರಾಕ್ಷೇಪಣಾ ಪತ್ರ, ಅಧ್ಯಯನ ರಜೆ, ಜೊತೆಗೆ ಬಾಂಡ್. ಕಡತ ಮೇಜಿಂದ ಮೇಜಿಗೆ ಹೋಗಲು ಎಷ್ಟು ದಿನ ಬೇಕು ಅಂತ ನಿಮಗೇ ಗೊತ್ತು. ಆರು ತಿಂಗಳು ಮೊದಲೇ ಅರ್ಜಿ ಕೊಡಿ.

ಸಣ್ಣ ಎನ್‌ಜಿಒಗಳಲ್ಲಿ ಕೆಲಸ ಮಾಡಿದವರ ಕಷ್ಟ ಬೇರೆ. ನೇಮಕಾತಿ ಪತ್ರವೇ ಇರುವುದಿಲ್ಲ, ಕನ್ಸಲ್ಟೆಂಟ್ ಅಂತ ಸಂಬಳ ಕೊಟ್ಟಿರುತ್ತಾರೆ. ಆಗ ಬ್ಯಾಂಕ್ ಸ್ಟೇಟ್‌ಮೆಂಟ್, ಟಿಡಿಎಸ್ ದಾಖಲೆ, ಪ್ರಾಜೆಕ್ಟ್ ವರದಿಯಲ್ಲಿ ನಿಮ್ಮ ಹೆಸರಿರುವ ಪುಟ ಇಂಥವನ್ನು ಕಲೆಹಾಕಿ. ಸಂಸ್ಥೆಯಿಂದ ಲೆಟರ್‌ಹೆಡ್ ಮೇಲೆ ಅನುಭವ ಪತ್ರ ಬರೆಸಿಕೊಳ್ಳಿ.

ಶಿಫಾರಸು ಪತ್ರದ ಕತೆ ಎಲ್ಲರಿಗೂ ಗೊತ್ತು. "ನೀನೇ ಬರ್ಕೊಂಡು ಬಾ, ಸೈನ್ ಹಾಕ್ತೀನಿ" ಅನ್ನುತ್ತಾರೆ. ಹಾಗೆ ಬರೆದ ಎರಡು ಪತ್ರ ಒಂದೇ ಧಾಟಿಯಲ್ಲಿದ್ದರೆ, ನೂರಾರು ಅರ್ಜಿ ಓದಿದವರಿಗೆ ಕ್ಷಣದಲ್ಲಿ ಗೊತ್ತಾಗುತ್ತದೆ. ಪೂರ್ತಿ ಪತ್ರ ಬರೆದುಕೊಡುವ ಬದಲು ಅವರ ಜೊತೆ ಕೆಲಸ ಮಾಡಿದ ನಾಲ್ಕು ಘಟನೆ ಚೀಟಿಯಲ್ಲಿ ಬರೆದುಕೊಡಿ. ನಿಮ್ಮ ಮೇಡಂ ಅಥವಾ ಸಾರ್ ತಮ್ಮದೇ ಮಾತಲ್ಲಿ ಹತ್ತು ಸಾಲು ಬರೆದರೂ ಸಾಕು, ಇಂಗ್ಲಿಷ್ ಒಂದಿಷ್ಟು ಒರಟಾಗಿದ್ದರೂ ಪರವಾಗಿಲ್ಲ. ದೊಡ್ಡ ಹುದ್ದೆಯವರು ಬರೆದ ಬೋಳು ಪತ್ರಕ್ಕಿಂತ ನಿಮ್ಮನ್ನು ದಿನಾ ನೋಡಿದವರ ಪತ್ರ ಮೇಲು.

ಮೋಟಿವೇಶನ್ ಲೆಟರ್

ಎರಡು ಪುಟ ಮೀರುವಂತಿಲ್ಲ. ಮೂರು ಕೋರ್ಸಿಗೆ ಹಾಕಿದರೂ ಪತ್ರ ಒಂದೇ. ಯಾಕೆ ಈ ಕೋರ್ಸುಗಳು, ಯಾಕೆ ಈ ಕ್ರಮ ಅಂತ ಅದರಲ್ಲೇ ಹೇಳಬೇಕು.

ನಾನೇ ಬರೆದ ಮೊದಲ ಇಂಥ ಪತ್ರ ಇವತ್ತು ಓದಿದರೆ ನಾಚಿಕೆಯಾಗುತ್ತದೆ. ಅರ್ಧ ಪುಟ ನಮ್ಮ ಮನೆಯ ಬಡತನ, ಇನ್ನರ್ಧ ಆ ದೇಶದ ಹೊಗಳಿಕೆ. ನನ್ನ ಕೆಲಸದ ಬಗ್ಗೆ ಮೂರೇ ಸಾಲು. ಅದೂ 'ನಾವು ಮಾಡಿದೆವು, ನಮ್ಮ ತಂಡ ಮಾಡಿತು' ಅಂತ. ನಮ್ಮಲ್ಲಿ 'ನಾನು' ಅಂದರೆ ಜಂಭ. ಆದರೆ ಓದುವವರಿಗೆ ಬೇಕಾಗಿರುವುದು ಅದೇ: ಆ ತಂಡದಲ್ಲಿ ನೀವು ಏನು ಮಾಡಿದಿರಿ? ಸರ್ವೆ ನೀವು ಮಾಡಿದಿರೋ, ಮಾಡಿಸಿದಿರೋ, ಬಂದ ಅಂಕಿಅಂಶ ತಿದ್ದಿದಿರೋ? ಆ ಸಲ ನನಗೆ ಸ್ಕಾಲರ್‌ಶಿಪ್ ಸಿಗಲಿಲ್ಲ, ಸಿಗಬಾರದಿತ್ತು ಕೂಡ.

ಒಂದು ಉದಾಹರಣೆ ಕಟ್ಟಿ ತೋರಿಸುತ್ತೇನೆ. ಕೋಲಾರದಲ್ಲಿ ನೀರಿನ ಕೆಲಸ ಮಾಡುವ ಒಬ್ಬಾಕೆ ಅಂದುಕೊಳ್ಳಿ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆ 2018ರಲ್ಲಿ ಶುರುವಾಯಿತಲ್ಲ, ಅದರ ಸುತ್ತಮುತ್ತ ಆಕೆಯ ಕೆಲಸ. ಆಕೆ ಹೀಗೆ ಬರೆಯಬಹುದು: "ನನಗೆ ಚಿಕ್ಕಂದಿನಿಂದಲೂ ಪರಿಸರ ಅಂದರೆ ಆಸಕ್ತಿ. ಜರ್ಮನಿ ತಂತ್ರಜ್ಞಾನದಲ್ಲಿ ಮುಂದುವರಿದ ದೇಶ. ಓದು ಮುಗಿಸಿ ದೇಶಸೇವೆ ಮಾಡುತ್ತೇನೆ." ಇದನ್ನು ಯಾರು ಬೇಕಾದರೂ ಬರೆಯಬಹುದು. ಅಥವಾ ಹೀಗೆ ಬರೆಯಬಹುದು: "ಎರಡು ವರ್ಷ ನಾನು ಕೆರೆಗಳ ಸುತ್ತಲಿನ ಬೋರ್‌ವೆಲ್‌ಗಳ ನೀರಿನ ಮಟ್ಟ ತಿಂಗಳಿಗೊಮ್ಮೆ ಅಳೆದೆ. ಎಷ್ಟು ನೀರಿದೆ ಅನ್ನುವುದು ನಮಗೆ ಗೊತ್ತಾಗುತ್ತಿತ್ತು. ಆ ನೀರು ಎಂಥದ್ದು ಅಂತ ರೈತರು ಕೇಳಿದಾಗ ನನ್ನಲ್ಲಿ ಉತ್ತರ ಇರಲಿಲ್ಲ. ಯಾವ ಅಂಶವನ್ನು, ಎಲ್ಲಿ, ಎಷ್ಟು ದಿನಕ್ಕೊಮ್ಮೆ ಪರೀಕ್ಷಿಸಬೇಕು ಅನ್ನುವ ಪದ್ಧತಿ ನಮ್ಮ ತಂಡದಲ್ಲಿ ಇಲ್ಲ. ಈ ಕೋರ್ಸಿನ ಎರಡನೇ ಸೆಮಿಸ್ಟರಿನಲ್ಲಿ ಅದೇ ವಿಷಯ ಇದೆ." ಇದನ್ನು ಬೇರೆಯವರು ಬರೆಯಲು ಆಗುವುದಿಲ್ಲ. ಕೆಲಸ, ಕೆಲಸದಲ್ಲಿ ಸಿಕ್ಕ ತೊಡಕು, ಆ ತೊಡಕಿಗೆ ಈ ಕೋರ್ಸೇ ಯಾಕೆ ಅನ್ನುವುದು ಒಂದಕ್ಕೊಂದು ಕೊಂಡಿಯಾಗಿ ನಿಂತಿದೆ.

ಕೊನೆಯ ಪ್ಯಾರಾದಲ್ಲಿ ವಾಪಸ್ ಬಂದ ಮೇಲಿನ ಮಾತು ಬರಬೇಕು. "ರೈತರ ಬದುಕು ಬದಲಿಸುತ್ತೇನೆ" ಬೇಡ. ಯಾವ ಕಚೇರಿ, ಯಾವ ಹುದ್ದೆ, ಮೊದಲ ವರ್ಷ ಏನು ಮಾಡುತ್ತೀರಿ, ಅಷ್ಟು ಸಾಕು. ಪತ್ರವನ್ನು ಮೊದಲು ಕನ್ನಡದಲ್ಲಿ ಬರೆಯಿರಿ ಅನ್ನುವುದು ನನ್ನ ಸಲಹೆ. ಕನ್ನಡದಲ್ಲಿ ಬರೆಯುವಾಗ ಪೊಳ್ಳು ಮಾತು ನಮಗೇ ಕೇಳಿಸುತ್ತದೆ. ಇಂಗ್ಲಿಷಿನಲ್ಲಿ ಅದು ಚೆನ್ನಾಗೇ ಇದೆ ಅನ್ನಿಸಿ ಮೋಸ ಹೋಗುತ್ತೇವೆ. ಎಐ ಕೈಯಲ್ಲಿ ಬರೆಸಿದ ಪತ್ರಗಳಿಗೂ ಇದೇ ರೋಗ.

ಇಂಟರ್‌ವ್ಯೂ ಇದ್ದರೆ ಆನ್‌ಲೈನ್‌ನಲ್ಲೇ ನಡೆಯುವುದು ಹೆಚ್ಚು. "ಇದನ್ನು ಭಾರತದಲ್ಲೇ ಓದಬಹುದಲ್ಲ, ಐಐಎಸ್‌ಸಿ ಇದೆ, ಐಐಟಿ ಇದೆ?" ಅನ್ನುವ ಪ್ರಶ್ನೆಗೆ ಉತ್ತರ ಇಟ್ಟುಕೊಂಡಿರಿ. ಅಲ್ಲಿನ ವಿಶ್ವವಿದ್ಯಾಲಯಗಳು ಚೆನ್ನಾಗಿವೆ ಅನ್ನುವುದು ಉತ್ತರವಲ್ಲ. ಇಂಥ ಕೋರ್ಸುಗಳಲ್ಲಿ ಕೀನ್ಯಾ, ನೇಪಾಳ, ಕೊಲಂಬಿಯಾ ಅಂತ ಬೇರೆ ಬೇರೆ ದೇಶದ ಇಂಜಿನಿಯರುಗಳು, ಅಧಿಕಾರಿಗಳು ಒಂದೇ ತರಗತಿಯಲ್ಲಿ ಕೂರುತ್ತಾರೆ. ನಿಮ್ಮ ತೊಡಕನ್ನೇ ಅವರು ಬೇರೆ ಥರ ಎದುರಿಸಿರುತ್ತಾರೆ. ಉತ್ತರ ಆ ಕಡೆ ಇರಬಹುದು, ಯೋಚಿಸಿ.

ಸಿಕ್ಕರೆ ಎಷ್ಟು ಸಿಗುತ್ತದೆ

ಇತ್ತೀಚಿನ ಪ್ರಕಟಣೆಗಳ ಪ್ರಕಾರ ಸ್ನಾತಕೋತ್ತರ ಓದಿಗೆ ತಿಂಗಳಿಗೆ 992 ಯೂರೋ, ಪಿಎಚ್‌.ಡಿ.ಗೆ 1,400 ಯೂರೋ. ಇದರ ಮೇಲೆ ಆರೋಗ್ಯ ಮತ್ತು ಅಪಘಾತ ವಿಮೆ, ಪ್ರಯಾಣ ಭತ್ಯೆ. ಸಂಸಾರ ಕರೆದುಕೊಂಡು ಹೋಗುವವರಿಗೆ ಕೆಲವು ಷರತ್ತಿನ ಮೇಲೆ ಕುಟುಂಬ ಭತ್ಯೆ, ಬಾಡಿಗೆ ಸಹಾಯವೂ ಇರುತ್ತದೆ. ಓದು ಶುರುವಾಗುವ ಮೊದಲು ಜರ್ಮನ್ ಭಾಷೆ ಕಲಿಸಲು ಕೆಲವು ತಿಂಗಳ ತರಬೇತಿ ಕೊಡುವುದೂ ಉಂಟು. ಕೋರ್ಸ್ ನೋಡಿಕೊಂಡು ಅವಧಿ 12ರಿಂದ 36 ತಿಂಗಳು.

ಸ್ವಂತ ಖರ್ಚಿನಲ್ಲಿ ಹೋಗುವ ವಿದ್ಯಾರ್ಥಿ ವೀಸಾಕ್ಕೆ ಮೊದಲೇ 11,904 ಯೂರೋವನ್ನು ಬ್ಲಾಕ್ಡ್ ಅಕೌಂಟ್‌ನಲ್ಲಿ, ಅಂದರೆ ತಿಂಗಳಿಗಿಷ್ಟೇ ಅಂತ ತೆಗೆಯಲು ಬಿಡುವ ಖಾತೆಯಲ್ಲಿ, ತೋರಿಸಬೇಕು. 992 ಅನ್ನು 12ರಿಂದ ಗುಣಿಸಿ ನೋಡಿ, ಅದೇ ಮೊತ್ತ. ಸ್ಕಾಲರ್‌ಶಿಪ್ ಪತ್ರ ಇದ್ದರೆ ಈ ಹಣ ತೋರಿಸುವ ಗೋಜು ಇಲ್ಲ. ಜರ್ಮನ್ ನಗರದಲ್ಲಿ 992ರಲ್ಲಿ ಬದುಕಬಹುದು, ಸ್ಟೂಡೆಂಟ್ ಹಾಸ್ಟೆಲ್ ಸಿಕ್ಕರೆ ಆರಾಮ. ಮ್ಯೂನಿಕ್‌ನಂಥ ಊರಲ್ಲಿ ಖಾಸಗಿ ರೂಮು ಹಿಡಿದರೆ ಕೈ ಬಿಗಿ. ಊರಿಗೆ ದುಡ್ಡು ಕಳಿಸುತ್ತೇನೆ ಅನ್ನುವ ಲೆಕ್ಕ ಮಾತ್ರ ಹಾಕಬೇಡಿ. ಮನೆಯಲ್ಲಿ ಸಾಲದ ಕಂತು ಇದ್ದರೆ ಅದಕ್ಕೆ ಮೊದಲೇ ಬೇರೆ ದಾರಿ ಮಾಡಿಕೊಳ್ಳಬೇಕು.

ಇದೇ ಕಡತ ಹಿಡಿದು ತಟ್ಟಬಹುದಾದ ಬೇರೆ ಬಾಗಿಲುಗಳು

ಬ್ರಿಟನ್ನಿನ ಚೀವ್ನಿಂಗ್ 1983ರಿಂದ ನಡೆಯುತ್ತಿದೆ. ಒಂದು ವರ್ಷದ ಮಾಸ್ಟರ್ಸ್‌ಗೆ ಪೂರ್ತಿ ಖರ್ಚು ಕೊಡುತ್ತದೆ. 2,800 ಗಂಟೆ ಕೆಲಸ ಮಾಡಿರಬೇಕು, ಹೆಚ್ಚುಕಮ್ಮಿ ಎರಡು ವರ್ಷ. ವಯಸ್ಸಿನ ಮಿತಿ ಇಲ್ಲ. ಓದು ಮುಗಿದ ಮೇಲೆ ಎರಡು ವರ್ಷ ಭಾರತದಲ್ಲಿರಬೇಕು. ಎಪೋಸ್‌ನ ಆರು ವರ್ಷ ದಾಟಿಹೋದವರಿಗೆ ಇದು ಒಳ್ಳೆಯದು. ಆದರೆ ಅಲ್ಲಿ ಹುಡುಕುವುದು ನಾಯಕತ್ವ, ಜನರನ್ನು ಜೋಡಿಸುವ ಗುಣ. ತಾಂತ್ರಿಕ ವಿವರಗಳ ಪತ್ರ ಅಲ್ಲಿ ನಡೆಯುವುದಿಲ್ಲ, ಬೇರೆಯೇ ಬರೆಯಬೇಕು.

ಅಮೆರಿಕದ ಫುಲ್‌ಬ್ರೈಟ್-ನೆಹರು ಮಾಸ್ಟರ್ಸ್ ಫೆಲೋಶಿಪ್‌ಗೆ 3 ವರ್ಷದ ಕೆಲಸ, ಕನಿಷ್ಠ ಶೇ. 55 ಅಂಕ ಬೇಕು. ಆಯ್ದ ಕೆಲವೇ ವಿಷಯಗಳಿಗೆ ಇದು ಸಿಗುತ್ತದೆ. ವಿಶ್ವಬ್ಯಾಂಕಿನ ಮೂಲಕ ಜಪಾನ್ ಸರ್ಕಾರ ಕೊಡುವ ಸ್ಕಾಲರ್‌ಶಿಪ್‌ಗೂ ಮೂರು ವರ್ಷದ ಅಭಿವೃದ್ಧಿ ಕ್ಷೇತ್ರದ ಕೆಲಸ ಬೇಕು. ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ಮೂಲಕ ಜಪಾನ್ 1988ರಿಂದ ಕೊಡುತ್ತಿರುವುದು ಇನ್ನೊಂದು: 2 ವರ್ಷದ ಕೆಲಸ, ವಯಸ್ಸು ಸಾಮಾನ್ಯವಾಗಿ 35ರೊಳಗೆ. ಇನ್ನೂ ಕೆಲಸಕ್ಕೆ ಸೇರಿಲ್ಲ ಅನ್ನುವವರಿಗೆ ಯುರೋಪಿನ ಎರಾಸ್ಮಸ್ ಮುಂಡಸ್ ಇದೆ. ತಿಂಗಳಿಗೆ 1,400 ಯೂರೋ, ಎರಡು ಮೂರು ದೇಶಗಳಲ್ಲಿ ಓದು.

ಪಿಎಚ್‌.ಡಿ. ಮುಗಿಸಿದ ಸಂಶೋಧಕರು ಒಂದು ವಿಷಯ ಗಮನಿಸಿ. ಜರ್ಮನಿಯ ಹಂಬೋಲ್ಟ್ ಪ್ರತಿಷ್ಠಾನ ಅಭಿವೃದ್ಧಿಶೀಲ ದೇಶಗಳ ವಿಜ್ಞಾನಿಗಳಿಗೆ ಜಾರ್ಜ್ ಫಾರ್ಸ್ಟರ್ ಫೆಲೋಶಿಪ್ ಅಂತ ಕೊಡುತ್ತದೆ. ಪಟ್ಟಿಗಳಲ್ಲಿ ಈ ಹೆಸರು ನೋಡಿ ನಮ್ಮವರು ತಯಾರಿ ಶುರು ಮಾಡುತ್ತಾರೆ. ಆದರೆ ಅದರಿಂದ ಭಾರತ ಮತ್ತು ಚೀನಾವನ್ನು ಹೊರಗಿಟ್ಟಿದ್ದಾರೆ. ನಾವು ಹಾಕಬೇಕಾದ್ದು ಅದೇ ಪ್ರತಿಷ್ಠಾನದ ಸಾಮಾನ್ಯ ಹಂಬೋಲ್ಟ್ ಫೆಲೋಶಿಪ್‌ಗೆ. ಪಿಎಚ್‌.ಡಿ. ಆಗಿ 4 ವರ್ಷದೊಳಗಿನವರಿಗೆ ಒಂದು ವಿಭಾಗ, 12 ವರ್ಷದೊಳಗಿನವರಿಗೆ ಇನ್ನೊಂದು. ದೇಶಕ್ಕಿಷ್ಟು ಅನ್ನುವ ಕೋಟಾ ಇಲ್ಲ. ಜರ್ಮನಿಯ ಒಬ್ಬ ಪ್ರಾಧ್ಯಾಪಕರು ನಿಮ್ಮನ್ನು ಕರೆಸಿಕೊಳ್ಳಲು ಮೊದಲೇ ಒಪ್ಪಿರಬೇಕು. ಅವರಿಗೆ ಬರೆಯುವ ಮೇಲ್ ಹತ್ತು ಸಾಲು ಮೀರದಿರಲಿ. ಅವರ ಯಾವ ಪೇಪರಿನ ಯಾವ ಪ್ರಶ್ನೆಯನ್ನು ನೀವು ಮುಂದಕ್ಕೆ ಒಯ್ಯಬಲ್ಲಿರಿ ಅನ್ನುವುದು ಮೊದಲ ಮೂರು ಸಾಲಿನಲ್ಲೇ ಬರಲಿ. 'ರೆಸ್ಪೆಕ್ಟೆಡ್ ಸರ್' ಅಂತ ಶುರುವಾಗಿ ಇಪ್ಪತ್ತು ಜನರಿಗೆ ಒಟ್ಟಿಗೆ ಹೋಗುವ ಮೇಲ್‌ಗಳು ನೇರ ಕಸದ ಬುಟ್ಟಿಗೆ.

ಸ್ಕಾಲರ್‌ಶಿಪ್ ಕೊಡಿಸುತ್ತೇವೆ, ಐವತ್ತು ಸಾವಿರ ಕೊಡಿ ಅನ್ನುವ ಏಜೆಂಟರು ಜಿಲ್ಲಾ ಕೇಂದ್ರಗಳಿಗೂ ಬಂದಿದ್ದಾರೆ. ಮೇಲೆ ಹೇಳಿದ ಯಾವುದನ್ನೂ ಏಜೆಂಟ್ ಕೊಡಿಸಲು ಆಗುವುದಿಲ್ಲ. ಖರ್ಚಾಗುವುದು ಇಂಗ್ಲಿಷ್ ಪರೀಕ್ಷೆ, ಟ್ರಾನ್ಸ್‌ಕ್ರಿಪ್ಟ್, ನೋಟರಿ ಇಂಥದ್ದಕ್ಕೆ.

ಮೊದಲ ಸಲ ಸಿಗದಿದ್ದರೆ ಕಡತ ಎತ್ತಿಡಿ, ಎಸೆಯಬೇಡಿ. ಪದವಿ ಮುಗಿದ ಎರಡನೇ ವರ್ಷಕ್ಕೇ ಶುರು ಮಾಡಿದರೆ ಎಪೋಸ್‌ಗೆ ಮೂರು ನಾಲ್ಕು ಸುತ್ತು ಸಿಗುತ್ತವೆ. ಅಂಕಪಟ್ಟಿ, ಅಫಿಡವಿಟ್, ಟ್ರಾನ್ಸ್‌ಕ್ರಿಪ್ಟ್ ಮತ್ತೆ ಮಾಡಿಸಬೇಕಿಲ್ಲ. ಹೊಸದಾಗಿ ಬೇಕಾಗುವುದು ಆ ವರ್ಷದ ಅರ್ಜಿ ನಮೂನೆ, ಹೊಸ ದಿನಾಂಕದ ಕೆಲಸದ ಪತ್ರ, ಐಇಎಲ್‌ಟಿಎಸ್ ಅವಧಿ ಮುಗಿದಿದ್ದರೆ ಅದೊಂದು. ಜೊತೆಗೆ ಈ ಒಂದು ವರ್ಷದಲ್ಲಿ ನೀವು ಮಾಡಿದ ಹೊಸ ಕೆಲಸದ ಬಗ್ಗೆ ಮೋಟಿವೇಶನ್ ಲೆಟರಿನಲ್ಲಿ ಒಂದು ಪ್ಯಾರಾ.